ಬಿಟ್ಟ ಹೂ, ಬಿಡಿಸಿದ ಹೂ

ಕನ್ನಡದ ಕ್ರಿಯಾಪದಗಳಲ್ಲಿ ನನ್ನನ್ನು ಬಹಳ ಗೋಳು ಹೊಯ್ದುಕೊಂಡದ್ದು ‘ಬಿಡು’. ಗಿಡ ಹೂ ಬಿಡುತ್ತದೆ, ಸರಿ. ಆ ಹೂವನ್ನು ಮನುಷ್ಯರು ಬಿಡಿಸುತ್ತಾರೆ, ಅಲ್ಲಿಗೆ ಗಿಡ ಬೋಳು. ನಗುವುದಕ್ಕೆ ನಗಿಸುವುದು, ಕಲಿಯುವುದಕ್ಕೆ ಕಲಿಸುವುದು ಇರುವ ಹಾಗೆ, ಹೂ ಬಿಡಿಸುವುದೆಂದರೆ ಗಿಡವನ್ನು ಪುಸಲಾಯಿಸಿ ಹೂ ಬಿಡುವ ಹಾಗೆ ಮಾಡುವುದು ಎಂದಿರಬೇಕಿತ್ತು. ಇನ್ನು ನಾನೋ, ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನನ್ನ ಮಟ್ಟಿಗೆ ಹೂ ಬಿಡಿಸುವುದೆಂದರೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಐದು ದಳ ಎಳೆಯುವುದು. ಈ ಅರ್ಥವನ್ನೇ ನಂಬಿಕೊಂಡು ಮಧುಗಿರಿಯ ನಮ್ಮ ಬೀದಿಯಲ್ಲಿ ಹೂದೋಟ ಮಾಡಲು ಹೊರಟದ್ದು ನನ್ನ ತಪ್ಪು.

ತೋಟದ ಹುಚ್ಚು ಹಿಡಿದದ್ದು ಕಣ್ಣಿನಿಂದ. ಹೋದ ವರ್ಷ ತುಮಕೂರಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆ. ಮನೆಗೆ ಬಂದು ನೋಡುತ್ತೇನೆ, ತಿಳಿ ಆಕಾಶದ ಬಣ್ಣ ಎಂದು ನಾನೇ ಎದುರು ನಿಂತು ಹೊಡೆಸಿದ್ದ ಮುಂಬಾಗಿಲ ಗೋಡೆ ಶಾಯಿ ಕುಡಿಕೆ ಉರುಳಿಸಿದ ಹಾಗಿತ್ತು! “ಇದನ್ಯಾಕೆ ನಂಗೆ ಹೇಳ್ಲಿಲ್ಲ?” ಎಂದು ಹೆಂಡತಿ ಸರೋಜಳನ್ನು ಕೇಳಿದೆ. “ಡ್ರಾಯಿಂಗ್ ಮೇಷ್ಟ್ರಿಗೆ ಬಣ್ಣ ಹೇಳ್ಕೊಡೋಕೆ ನಾನ್ಯಾರು?” ಎಂದಳು. ಎಡಗಣ್ಣಿಗೆ ಇನ್ನೂ ಪೊರೆ ಇದೆ. ಹಾಗಾಗಿ ಬೆಳಿಗ್ಗೆ ಜಗಲಿಯ ಮೇಲೆ ಕೂತು ಒಂದೊಂದೇ ಕಣ್ಣು ಮುಚ್ಚಿ ನೋಡುವುದು ನನ್ನ ಹೊಸ ಆಟ. ಎಡಗಣ್ಣಿನಲ್ಲಿ ಲೋಕವೆಲ್ಲ ಟೀ ಸೋಸಿದ ಬಟ್ಟೆ. ಬಲಗಣ್ಣಿನಲ್ಲಿ ಆಗ ತಾನೇ ಒಗೆದು ಹರವಿದ ಸೀರೆ. ಅರವತ್ತೈದು ದಾಟಿದವನಿಗೆ ಬಣ್ಣ ಹೀಗೆ ಎರಡನೇ ಸಲ ಸಿಕ್ಕರೆ ಆಸೆ ಹುಟ್ಟದೆ ಇರುತ್ತದೆಯೇ? ಯಾವ ತಿಂಗಳಲ್ಲಿ ಕಣ್ಣು ಬಿಟ್ಟರೂ ಎದುರಿಗೆ ಪಾತಿ ತುಂಬ ಬಣ್ಣವಿರಬೇಕು, ಕಾಣುವಷ್ಟು ದಿನ ಅದನ್ನು ಕಣ್ತುಂಬ ನೋಡಬೇಕು, ಬೇರೇನೂ ಬೇಡ ಎನ್ನಿಸಿತು.

ಡ್ರಾಯಿಂಗ್ ಹಾಳೆಯ ಮೇಲೆ ಹನ್ನೆರಡು ಚೌಕ ಹಾಕಿ, ತಿಂಗಳಿಗೊಂದರಂತೆ ಬಣ್ಣ ತುಂಬಿದೆ. ಯುಗಾದಿ ಹೊತ್ತಿಗೆ ಮಲ್ಲಿಗೆಯ ಬಿಳಿ. ಮಳೆ ಬಿದ್ದ ಮೇಲೆ ಕರ್ಣಕುಂಡಲದ ಗುಲಾಬಿ. ದಸರೆಗೆ ಚೆಂಡು ಹೂವಿನ ಕಿತ್ತಳೆ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಸೇವಂತಿಗೆ. ಅದರಲ್ಲೂ ತೋವಿನಕೆರೆಯ ಗೆಳೆಯನೊಬ್ಬನ ಹಿತ್ತಿಲಿಂದ ತಂದ ಒಂದು ಜಾತಿ, ನಡುವೆ ಇಟ್ಟಿಗೆ ಕೆಂಪು, ಅಂಚಿಗೆ ಹಳದಿ. ಅದು ಊರಿನಲ್ಲಿ ಮತ್ತೆಲ್ಲೂ ಇರಲಿಲ್ಲ. ಮೇ ತಿಂಗಳ ಚೌಕದ ಮುಂದೆ ಮಾತ್ರ ಕುಂಚ ಹಿಡಿದು ಒಂದು ವಾರ ಕೂತೆ. ಆ ತಿಂಗಳು ನಮ್ಮ ಬೆಟ್ಟದ ಬಂಡೆ ಸಂಜೆಯಾದರೂ ಕಾದ ಹೆಂಚಿನ ಹಾಗೆ ಬಿಸಿ ಉಗುಳುತ್ತಿರುತ್ತದೆ. ಕೊನೆಗೆ ಅಲ್ಲಿಗೆ ಕನಕಾಂಬರ ತುಂಬಿದೆ. ಹಾಳೆಯನ್ನು ಗೋಡೆಗೆ ಅಂಟಿಸಿ ಮಂಚದ ಮೇಲೆ ಮಲಗಿ ನೋಡುತ್ತಿದ್ದರೆ, ತಿಂಗಳುಗಳು ಒಂದರ ಕೈ ಒಂದು ಹಿಡಿದುಕೊಂಡು ಮೆಲ್ಲಗೆ ನಡೆದು ಹೋಗುವಂತೆ ಕಂಡು ನಿದ್ದೆ ಬಂದುಬಿಡುತ್ತಿತ್ತು. ಸರೋಜ ಬಂದು ನೋಡಿ, “ಇದೇನ್ರೀ, ಪಂಚಾಂಗ ಬರ್ದಿದ್ದೀರಿ?” ಎಂದಳು. ನಾನು ನಕ್ಕೆ. ನಗಬಾರದಿತ್ತು.

ಏಕೆಂದರೆ ಅವಳು ಹೇಳಿದ್ದೇ ನಿಜವಾಯಿತು. ನನ್ನ ಪಾತಿಯಲ್ಲಿ ಯಾವ ಹೂ ಅರಳಿದರೂ ಅದೇ ವಾರಕ್ಕೆ ಸರಿಯಾಗಿ ಒಂದು ಹಬ್ಬವೋ, ಶುಕ್ರವಾರವೋ, ಯಾರದೋ ಮನೆಯ ಸೀಮಂತವೋ ಬರುತ್ತಿತ್ತು. ನಾನು ಎದ್ದು ಕನ್ನಡಕ ಹುಡುಕಿ ಜಗಲಿಗೆ ಬರುವಷ್ಟರಲ್ಲಿ ಬಣ್ಣ ಹೋಗಿ ಹಸಿರು ಉಳಿದಿರುತ್ತಿತ್ತು. ಒಂದು ದಿನ ಬೇಗ ಎದ್ದು ಹಿಡಿದೆ. ಎದುರುಮನೆಯ ಪುಟ್ಟಕ್ಕ, ಎಪ್ಪತ್ತು ದಾಟಿದವರು, ಇಡೀ ಬೀದಿಗೆ ಹಿರಿಯಕ್ಕ, ನನ್ನ ಸೇವಂತಿಗೆ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದರು.

“ಏನ್ ಪುಟ್ಟಕ್ಕ, ಎಲ್ಲಾ ಬಿಡಿಸ್ಬಿಟ್ರಲ್ಲ!”

“ಬುಟ್ಟಿರೋದನ್ನೇ ಬುಡಿಸಿರೋದು ಕಣ್ ಮೇಷ್ಟ್ರೇ. ಬುಡ್ದೇ ಇರೋದನ್ನ ಹೆಂಗ್ ಬುಡಿಸ್ಲಿ?”

“ಗಿಡದಲ್ಲೇ ಇರ್ಲಿ ಅಂತ ಬೆಳೆಸಿದ್ದು, ನೋಡೋಕೆ.”

“ಗಿಡದಾಗೆ ಇದ್ರೆ ಬಾಡೋಯ್ತದಲ್ಲಪ್ಪ! ಬಾಡೋದ್ನ ನೋಡ್ಕೊಂಡು ಕೂತ್ಕಂತೀರಾ? ಅಯ್ಯೋ ಬುಡಿ ಬುಡಿ,” ಎಂದು ನನ್ನ ಕೈಗೆ ಒಂದು ಹೂ ಕೊಟ್ಟು, ನನಗೇ ದಾನ ಮಾಡಿದವರಂತೆ ಹೊರಟುಹೋದರು. ನನಗೆ ನಿಜವಾಗಿಯೂ ಅಳು ಬಂತು. ಬಲಗಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ತಡೆದುಕೊಂಡೆ.

ಮರುದಿನವೇ ಶಿರಾ ಬಸ್ ಹತ್ತಿದೆ. ಅಲ್ಲಿನ ನರ್ಸರಿಯ ಸಾಬರು ನನ್ನ ಕಥೆಯನ್ನೆಲ್ಲ ಕೇಳಿ, ರೋಗ ಗೊತ್ತಾದ ವೈದ್ಯರ ಹಾಗೆ ತಲೆಯಾಡಿಸಿದರು. “ಕಾಗದದ ಹೂ ತಗೊಂಡೋಗಿ ಮೇಷ್ಟ್ರೇ. ದೇವ್ರಿಗೂ ನಕ್ಕೋ, ದರ್ಗಾಕ್ಕೂ ನಕ್ಕೋ, ಹೆಂಗಸ್ರ ಜಡೆಗೂ ನಕ್ಕೋ. ಯಾರಿಗೂ ಬೇಡ. ಸಾಲ್ ಪೂರಾ ಗಿಡದ್ಮೇಲೇ ಇರ್ತದೆ.” ಎಂಥ ಮಾತು! ವರ್ಷವಿಡೀ ಬಣ್ಣ ಉಳಿಯಬೇಕಾದರೆ ಯಾರಿಗೂ ಬೇಡದ ಹೂ ಬೆಳೆಸಬೇಕು. ಗುಟ್ಟು ಸಿಕ್ಕಿತೆಂದು ಆ ಬೋಗನ್‌ವಿಲ್ಲಾ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಳ್ಳಿಗೆ ಪಂಚೆ ಕೊಟ್ಟುಕೊಂಡು, ಸಂಜೆಯ ಬಸ್ಸಿನಲ್ಲಿ ಕೂತೆ.

ಬಡವನಹಳ್ಳಿ ದಾಟಿರಬೇಕು. ಇಳಿಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು, ಮುಂದಿನ ಸೀಟಿನ ಜಡೆಯೊಂದು ಇದ್ದಕ್ಕಿದ್ದ ಹಾಗೆ ಹೊತ್ತಿಕೊಂಡಿತು. ನಡುವೆ ಇಟ್ಟಿಗೆ ಕೆಂಪು, ಅಂಚಿಗೆ ಹಳದಿ! ಶಿರಾದ ಬ್ಯಾಂಕಿಗೆ ದಿನವೂ ಹೋಗಿಬರುವ, ನಮ್ಮ ಬೀದಿಯ ಕೊನೆಮನೆಯ ಹುಡುಗಿ ಅವಳು. “ಈ ಹೂ ಎಲ್ಲೀದಮ್ಮ?” ಎಂದೆ. “ಪುಟ್ಟಕ್ಕ ಕೊಟ್ಟಿದ್ದು ಅಂಕಲ್. ದಿನಾ ಕಟ್ಟಿ ಬೀದಿಗೆಲ್ಲ ಕೊಡ್ತಾರಲ್ಲ, ನಿಮ್ಗೊತ್ತಿಲ್ವಾ?” ನನಗೆ ಗೊತ್ತಿರಲಿಲ್ಲ. ನನ್ನ ಪಾತಿಯ ಒಂದು ತುಣುಕು ಬೆಳಿಗ್ಗೆ ಬಸ್ಸು ಹತ್ತಿ, ಶಿರಾದಲ್ಲಿ ಡ್ಯೂಟಿ ಮುಗಿಸಿ, ಈಗ ನನ್ನ ಮುಂದೆಯೇ ಕೂತು ತೂಕಡಿಸುತ್ತ ಊರಿಗೆ ಮರಳುತ್ತಿತ್ತು. ಆ ಖುಷಿಯಲ್ಲಿ ಕಾಗದದ ಹೂವಿನ ಗಿಡವನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆ.

ಅಂದಿನಿಂದ ಬಲಗಣ್ಣಿಗೆ ಹಬ್ಬ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ನನ್ನ ತೋಟ ಊರೆಲ್ಲ ನಡೆದಾಡುತ್ತಿರುವುದು ಕಾಣುತ್ತಿತ್ತು. ಒಂದು ಹೊಸಿಲ ಮೇಲೆ ನಾಲ್ಕು, ಆಟೋದ ಕನ್ನಡಿಯ ಹತ್ತಿರ ಒಂದು ಗೇಣು, ಸಂತೆಗೆ ಹೊರಟ ತುರುಬಿನಲ್ಲಿ ಎರಡು. ಯಾವ ಪಾತಿಯ ಹೂ ಎಂದು ಗುರುತು ಹಿಡಿಯುತ್ತ ಹೋಗುವುದೇ ಒಂದು ಕನಸಿನ ಹಾಗಿತ್ತು. ಸಂಶಯ ಬಂದರೆ ಎಡಗಣ್ಣು ಮುಚ್ಚಿ, ಸ್ವಲ್ಪ ಹತ್ತಿರ ಹೋಗಿ, ಬಗ್ಗಿ ನೋಡುತ್ತಿದ್ದೆ. ಅರವತ್ತೈದು ದಾಟಿದ ಗಂಡಸು ಒಂದು ಕಣ್ಣು ಮುಚ್ಚಿಕೊಂಡು ಹೆಂಗಸರ ಹಿಂದೆ ಬಗ್ಗಿದರೆ ನೋಡುವವರಿಗೆ ಹೇಗೆ ಕಾಣುತ್ತದೆ ಎಂಬುದು ಮಾತ್ರ ನನ್ನ ಎರಡು ಕಣ್ಣಿಗೂ ಹೊಳೆಯಲಿಲ್ಲ.

ಹೊಳೆದದ್ದು ಪುಟ್ಟಕ್ಕನಿಗೆ. ಒಂದು ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ಕೂತು ಸರೋಜಳಿಗೆ ಹೇಳುತ್ತಿದ್ದರು: “ಮೇಷ್ಟ್ರಿಗೆ ಕಣ್ಣು ಬಂತಲ್ಲ ಅಂತ ನಾವೂ ಖುಷಿಪಟ್ವಿ. ಈಗ್ ನೋಡುದ್ರೆ ಆ ಕಣ್ಣು ಹೆಣ್ಮಕ್ಳ ಜಡೆ ಬುಟ್ಟು ಅಲ್ಲಾಡಕಿಲ್ಲ ಅಂತೈತೆ ಕಣಮ್ಮ. ವಸಿ ಹೇಳು.” ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ಹೋದರು.

ಹೂವಿನ ವಿಷಯವನ್ನೆಲ್ಲ ಸರೋಜಳಿಗೆ ಬಿಡಿಸಿ ಹೇಳಿದೆ. ಊರಿನಲ್ಲಿ ಯಾರ ತಲೆಯಲ್ಲಿ ಯಾವ ಹೂ ಇದೆ, ಯಾವ ಬಣ್ಣಕ್ಕೆ ಎಂಥ ಬಿಸಿಲು ಒಪ್ಪುತ್ತದೆ, ಎಲ್ಲವನ್ನೂ ವರ್ಣಿಸಿದೆ. ಅವಳು ಒಲೆಯ ಮುಂದೆ ನಿಂತು ಪೂರ್ತಿ ಕೇಳಿಸಿಕೊಂಡಳು.

“ಊರಲ್ಲಿರೋ ಜಡೆ ಎಲ್ಲಾ ನೋಡ್ಕೊಂಡು ಬಂದ್ರಿ, ಸರಿ. ಮನೇಲೂ ಒಂದಿದೆ,” ಎಂದು ಸಿಟ್ಟಿನಿಂದ ಮುಖ ತಿರುಗಿಸಿಕೊಂಡಳು.

ಮುಖ ತಿರುಗಿಸಿಕೊಂಡದ್ದರಿಂದಲೇ ಕಂಡಿತು. ನರೆತ ಕೂದಲಿನ ಮೇಲೆ ಒಂದು ಗೇಣು ಕನಕಾಂಬರ, ಅದರ ನಡುವೆ ಒಂದು ಸೇವಂತಿಗೆ.

“ಎಷ್ಟು ದಿನದಿಂದ ಮುಡೀತಿದ್ದೀಯ?” ಎಂದು ಮೆಲ್ಲಗೆ ಕೇಳಿದೆ.

“ಮದುವೆ ಆದಾಗ್ಲಿಂದ,” ಎಂದಳು, ಈ ಕಡೆ ತಿರುಗದೆಯೇ.