ಹಾಡು ಬರೆಯಲು ಹೋಗಿ ಜೋಳ ಬೀಸಿದ್ದು

ಬಾಯಲ್ಲಿರುವ ಹಾಡನ್ನು ಕಾಗದಕ್ಕೆ ಇಳಿಸುವುದು ಎಷ್ಟು ಹೊತ್ತಿನ ಕೆಲಸ? ಹಾಡುವವರು ಹಾಡಬೇಕು, ಬರೆಯುವವರು ಬರೆಯಬೇಕು. ಎರಡು ದಿನ ಸಾಕು ಎಂದು ನಾನು, ನನ್ನ ವರ್ಗಕ್ಕೆ ಜಾಗ ಕೊಟ್ಟಿದ್ದ ಬಸಪ್ಪನವರಿಗೆ ಎದೆ ತಟ್ಟಿ ಹೇಳಿದೆ. ಆಗ ನನಗೆ ಇಪ್ಪತ್ತೈದು ವರ್ಷ. ಆ ವಯಸ್ಸಿನಲ್ಲಿ ಎದೆ ತಟ್ಟಿಕೊಳ್ಳಲು ಕಾರಣವೇನೂ ಬೇಕಾಗುವುದಿಲ್ಲ.

ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಸರಕಾರಿ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಚಿಕ್ಕ ಮಕ್ಕಳು ಮೊದಲು ಮನೆಮಾತಿನ ಅಕ್ಷರ ಕಲಿಯಲಿ ಎಂದು ಕುಷ್ಟಗಿಯ ನಾಲ್ಕು ಜನ ಸೇರಿ ಒಂದು ಶಿಶುವರ್ಗ ತೆರೆದಿದ್ದರು. ಅದರ ಏಕಮೇವ ಮಾಸ್ತರ ನಾನು. ಅದರ ಭವ್ಯ ಕಟ್ಟಡವೆಂದರೆ ಬಟ್ಟೆ ವ್ಯಾಪಾರಿ ಬಸಪ್ಪನವರ ಅಂಗಡಿಗೆ ಹೊಂದಿದ ಪಡಸಾಲೆ. ನಾಲ್ಕೈದು ವರ್ಷದ ಹನ್ನೊಂದು ಮಕ್ಕಳು. ಅವರಲ್ಲಿ ನನ್ನ ಮಗಳು ಶಾಂತಿಯೂ ಒಬ್ಬಳು. ನಾನು 'ಅ' ಎನ್ನುತ್ತಿದ್ದೆ. ಮಕ್ಕಳು 'ಅವ್ವಾ!' ಎನ್ನುತ್ತಿದ್ದವು. ಒಂದು ಅತ್ತರೆ ಹನ್ನೊಂದೂ ಅಳುತ್ತಿದ್ದವು. ನಾನು ಅಂಕಲಿಪಿ ಕೈಗೆತ್ತಿಕೊಂಡರಂತೂ ಊರ ಅಗಸಿ ಬಾಗಿಲವರೆಗೆ ಕೇಳಿಸುತ್ತಿತ್ತು!

"ಮಾಸ್ತರ್ರ, ಒಳಗ ಕುಂತು ನಾನ ಮಕ್ಕಳನ್ನ ಹೊಡ್ಯಾಕತ್ತೀನಂತ ಗಿರಾಕಿ ತಿಳಕೊಂಡಾರ" ಎಂದರು ಬಸಪ್ಪನವರು. "ಈ ಅಮಾಸಿತನ ನೋಡ್ತೀನಿ. ಅಳೂದು ನಿಲ್ಲಲಿಲ್ಲಂದ್ರ ನನ್ನ ಪಡಸಾಲಿ ಬಿಡ್ರಿ."

ಪಡಸಾಲೆ ಹೋದರೆ ವರ್ಗವೂ ಹೋದಂತೆಯೇ. ಬೇರೆ ಜಾಗ ಕೊಡುವವರು ಊರಲ್ಲಿ ಯಾರೂ ಇರಲಿಲ್ಲ.

ಆ ಸಂಜೆ ಬಾಡಿದ ಮುಖ ಹೊತ್ತು ಮನೆಗೆ ಬಂದರೆ ಒಳಗಿನಿಂದ ಹಾಡು ಕೇಳಿಸಿತು. ನವಲಿಯಿಂದ ನನ್ನ ಅತ್ತೆ ಗಂಗವ್ವ ಮಗಳ ಮನೆಗೆ ಬಂದಿದ್ದರು. ಬೀಸುಕಲ್ಲಿನ ಮುಂದೆ ಕೂತು ಅವರು ಹಾಡುತ್ತಿದ್ದರೆ, ನನ್ನ ವರ್ಗದಲ್ಲಿ ಅಳುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದ ಶಾಂತಿ ಒಂದಕ್ಷರ ತಪ್ಪದೆ ಜೊತೆಗೂಡಿದ್ದಳು.

"ಇಲಿರಾಯ ಹೊಂಟಾನ ಜ್ವಾಳದ ಚೀಲಕ್ಕ
ಬೆಕ್ಕಿಗಿ ಕೊಟ್ಟಾನ ಎಲಿಯಡಿಕಿ, ನನಕಂದ
ಬಾಲಕ್ಕ ಕಟ್ಟ್ಯಾನ ಕಿರುಗೆಜ್ಜಿ."

ನನಗೆ ಜ್ಞಾನೋದಯವಾಯಿತು. ಅತ್ತೆಯ ಹಾಡನ್ನೆಲ್ಲ ಬರೆದುಕೊಂಡು ವರ್ಗದಲ್ಲಿ ಓದಿದರಾಯಿತು! ಕೂಡಲೇ ಹೋಗಿ ಬಸಪ್ಪನವರ ಮುಂದೆ ಎದೆ ತಟ್ಟಿ ಬಂದೆ.

ಮರುದಿನ ಮಸಿ, ಲೇಖನಿ, ಹೊಸ ವಹಿ ಇಟ್ಟುಕೊಂಡು ಅತ್ತೆಯ ಎದುರು ಪದ್ಮಾಸನ ಹಾಕಿದೆ. ಅವರು ತಲೆಯ ಮೇಲಿನ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯತ್ತ ತಿರುಗಿ ಕೂತರು. ಅಳಿಯನ ಜೊತೆ ಅವರು ನೇರ ಮಾತಾಡುವವರಲ್ಲ. ಏನಿದ್ದರೂ ನನ್ನ ಹೆಂಡತಿ ನೀಲವ್ವನ ಮೂಲಕ.

"ನೀಲಾ, ಅವರಿಗೆ ಹೇಳು. ಸುಮ್ನ ಕುಂತ್ರ ಹಾಡು ನೆಪ್ಪಿಗಿ ಬರೂದಿಲ್ಲ. ಕೈಯಾಗ ಕಲ್ಲಿನ ಗೂಟ ಇರಬೇಕು."

"ಅವ್ವ ಬೀಸಿದ್ರ ಹಾಡ್ತಾಳಂತರಿ" ಎಂದಳು ನೀಲವ್ವ, ನನಗೆ ಕಿವಿ ಕೇಳುವುದಿಲ್ಲವೇನೋ ಎಂಬಂತೆ.

ಸರಿ, ಅತ್ತೆ ಬೀಸತೊಡಗಿದರು. ಕಲ್ಲಿನ ಸದ್ದಿನಲ್ಲಿ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಕೇಳದ್ದನ್ನು ನಾನೇ ತುಂಬಿದೆ. ಕೇಳಿದ್ದನ್ನೂ ಇದ್ದಂತೆ ಬಿಡಲಿಲ್ಲ. ಶಾಲೆಯ ಪುಸ್ತಕವೆಂದ ಮೇಲೆ ಭಾಷೆ ಶುದ್ಧವಾಗಿರಬೇಡವೇ? ರಾತ್ರಿಯೂಟದೊಳಗೆ ಎಲ್ಲವನ್ನೂ ತಿದ್ದಿ ತೀಡಿ, ಮರುದಿನ ಬೆಳಿಗ್ಗೆ ವರ್ಗದಲ್ಲಿ ಗಂಭೀರವಾಗಿ ಓದಿದೆ:

"ಮೂಷಿಕರಾಜನು ಜೋಳದ ಗೋಣಿಯತ್ತ ಪ್ರಯಾಣ ಬೆಳೆಸಿದನು. ಮಾರ್ಜಾಲಕ್ಕೆ ತಾಂಬೂಲವನ್ನು ಸಮರ್ಪಿಸಿದನು."

ಒಂದು ಕ್ಷಣ ಎಲ್ಲ ಮಕ್ಕಳೂ ಸ್ತಬ್ಧ. ನಾನು ಗೆದ್ದೆ ಎಂದುಕೊಂಡೆ. ಮುಂದಿನ ಕ್ಷಣ ಹನ್ನೊಂದೂ ಬಾಯಿ ತೆರೆದವು! ಎಲ್ಲರಿಗಿಂತ ಜೋರಾಗಿ ಅತ್ತವಳು ನನ್ನ ಮಗಳು.

"ನಮ್ಮ ಅಜ್ಜಿ ಇಲಿ ಎಲ್ಲಿ ಹೋತು?" ಎಂದು ಅವಳ ಗೋಳು.

ಇಲಿಯನ್ನು ಕೊಂದ ಪಾಪ ಹೊತ್ತು ಮನೆಗೆ ಬಂದೆ. ಇನ್ನು ಮುಂದೆ ಹಾಡಿದ್ದನ್ನು ಹಾಡಿದಂತೆಯೇ ಬರೆಯುವೆನೆಂದು ಶಪಥ ಮಾಡಿದೆ. ಆದರೆ ಅಷ್ಟರಲ್ಲಿ ಮನೆಯ ಜೋಳವೆಲ್ಲ ಹಿಟ್ಟಾಗಿತ್ತು.

"ಬರೇ ಕಲ್ಲು ತಿರುವಬಾರದಂತ ಹೇಳು. ಕಲ್ಲು ಸವೀತೈತಿ" ಎಂದು ಗೋಡೆಗೆ ಹೇಳಿದರು ಅತ್ತೆ.

ಪಕ್ಕದ ಮನೆಯ ಖಾಸಿಂಬಿಗೆ ಈ ಸುದ್ದಿ ಹೇಗೆ ಮುಟ್ಟಿತೋ! ಒಂದು ಬುಟ್ಟಿ ಜೋಳ ಹೊತ್ತುಕೊಂಡೇ ಬಂದರು. "ಮಾಸ್ತರ ಸಾಬ, ನಮ್ಮದನ್ನ ಬೀಸ್ರಿ. ಸಾಲಿಗೆ ನಮ್ಮದೂ ಒಂದೀಟು ಮದತ್ ಆಗಲಿ." ಅವರ ಹಿಂದೆ ಇನ್ನೂ ಮೂರು ಮನೆಗಳ ಮದತ್ ಬುಟ್ಟಿಗಳಲ್ಲಿ ಬಂತು. ಊರಿಗೆ ವಿದ್ಯೆಯ ಮೇಲೆ ಇಷ್ಟು ಪ್ರೀತಿ ಇದೆಯೆಂದು ನನಗೆ ಆವರೆಗೆ ತಿಳಿದಿರಲಿಲ್ಲ!

ಮೊದಲ ಬುಟ್ಟಿಗೆ ಕೈ ಹಾಕುತ್ತಲೇ ಅತ್ತೆಯ ರಟ್ಟೆ ಹಿಡಿದುಕೊಂಡಿತು. ನೀಲವ್ವ ನನ್ನನ್ನು ನೋಡಿದಳು. ಆಮೇಲೆ ಕಲ್ಲನ್ನು ನೋಡಿದಳು.

"ನಾನೇ?" ಎಂದೆ.

"ಮತ್ತ್ಯಾರು, ಬಸಪ್ಪನವರನ್ನ ಕರೀಲೇನ್ರಿ? ನಾ ಒಲಿ ಮುಂದ ರೊಟ್ಟಿ ಬಡೀಬೇಕು. ಬಾಗಲಾ ಹಾಕ್ತೀನಿ, ಯಾರೂ ನೋಡೂದಿಲ್ಲ."

ಅಮಾವಾಸ್ಯೆಗೆ ಮೂರೇ ದಿನ ಉಳಿದಿತ್ತು. ಬೆಳಿಗ್ಗೆ ವರ್ಗಕ್ಕೆ ಹೋಗುವ ಮೊದಲು ಅಂಗಿ ತೋಳು ಮಡಚಿ ಕಲ್ಲಿನ ಮುಂದೆ ಕೂತೆ. ಅತ್ತೆ ಬಾಗಿಲ ಮರೆಯಲ್ಲಿ ಶಾಂತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಶುರು ಮಾಡಿದರು. ನಾನು ಗೂಟ ಹಿಡಿದು ತಿರುಗಿಸಿದೆ. ಹಾಡು ಎರಡು ಹೆಜ್ಜೆ ನಡೆದು ಮುಗ್ಗರಿಸಿತು. ಮತ್ತೆ ಶುರುವಾಯಿತು, ಮತ್ತೆ ಮುಗ್ಗರಿಸಿತು. ಹತ್ತು ವರ್ಷದ ಮರ್ಯಾದೆಯನ್ನು ಮರೆತು ಅತ್ತೆ ನೇರವಾಗಿ ನನ್ನ ಮೇಲೇ ಕೂಗಿದರು:

"ಉಲ್ಟಾ ಯಾಕ ತಿರುವ್ತೀರಿ, ಮಾಸ್ತರ್ರ! ಎತ್ತು ಕುಂಟಿದಂಗ ಬೀಸಿದ್ರ ಹಾಡು ಹೆಂಗ ನಡೀತಾವ?"

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಗೂಟವನ್ನು ಸುಲ್ಟಾ, ಅಂದರೆ ಸರಿಯಾದ ದಿಕ್ಕಿಗೆ, ತಿರುಗಿಸಿದೆ. ಹಾಡು ನಡೆಯಿತು! ಒಂದಾದ ಮೇಲೊಂದು ಬಂದವು. ಗುಬ್ಬಿಯ ಹಾಡು, ಚಂದಮಾಮನ ಹಾಡು, ಹಲ್ಲಿಲ್ಲದ ಮುದುಕಿ ಕಡಲೆ ತಿಂದ ಹಾಡು. ನಾನು ಬೆವರು ಸುರಿಸುತ್ತ ಬೀಸಿಯೇ ಬೀಸಿದೆ. ಆಗ ಒಂದು ಸೂಕ್ಷ್ಮ ವಿಚಾರ ಹೊಳೆಯಿತು. ನನ್ನ ಎರಡೂ ಕೈ ಗೂಟದ ಮೇಲಿವೆ. ಅತ್ತೆಗೆ ಅಕ್ಷರ ಬರುವುದಿಲ್ಲ. ನೀಲವ್ವನಿಗೂ ಬರುವುದಿಲ್ಲ. ಹಾಗಾದರೆ ಬರೆಯುತ್ತಿರುವವರು ಯಾರು?

ಯಾರೂ ಇಲ್ಲ!

ಅದೇ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. ವರ್ಗದ ವೇಳೆ ಮೀರಿ ಎಷ್ಟೋ ಹೊತ್ತಾಗಿತ್ತಂತೆ. ಕಾದು ಕಾದು ಸಾಕಾದ ಬಸಪ್ಪನವರು ಹತ್ತೂ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದಿದ್ದರು. ಮೀಸೆಗೆ ಹಿಟ್ಟು ಮೆತ್ತಿಕೊಂಡು, ಧೋತರ ಮೇಲಕ್ಕೆ ಕಟ್ಟಿ, ಮಾಸ್ತರರು ಜೋಳ ಬೀಸುತ್ತಿರುವ ದಿವ್ಯ ದರ್ಶನ ಎಲ್ಲರಿಗೂ ಒಮ್ಮೆಲೇ ಆಯಿತು.

ಮಕ್ಕಳು ನಕ್ಕವು. ಹೊಟ್ಟೆ ಹಿಡಿದುಕೊಂಡು ನಕ್ಕವು. ಅಲ್ಲಿಯವರೆಗೆ ಅವುಗಳಿಗೆ ಹಲ್ಲಿರುವುದನ್ನೇ ನಾನು ನೋಡಿರಲಿಲ್ಲ!

"ನಿಲ್ಲಸಬ್ಯಾಡ್ರಿ" ಎಂದು ಪಿಸುಗುಟ್ಟಿದಳು ನೀಲವ್ವ.

ನಾನು ಬೀಸಿದೆ. ಅತ್ತೆ ಇಲಿರಾಯನನ್ನು ಎತ್ತಿಕೊಂಡರು. ಶಾಂತಿ ಸೇರಿಕೊಂಡಳು. ಮೂರನೆಯ ಸಲಕ್ಕೆ ಎಲ್ಲ ಮಕ್ಕಳೂ ಕಲ್ಲಿನ ಸುತ್ತ ಕೂತು 'ಕಿರುಗೆಜ್ಜಿ' ಎಂದು ಕಿರುಚುತ್ತಿದ್ದವು. ಬಸಪ್ಪನವರು ಹೊಸ್ತಿಲ ಮೇಲೆ ಕೂತು ತಲೆದೂಗತೊಡಗಿದರು.

"ಅಳೂದು ನಿಂತೈತಲ್ಲ!" ಎಂದರು ಕೊನೆಗೆ. "ಪಡಸಾಲಿ ನಿಮ್ಮದ ಇರಲಿ, ಮಾಸ್ತರ್ರ. ಕಲ್ಲನ್ನೂ ಅಲ್ಲಿಗೇ ತರ್ರಿ." ಎದ್ದು ಹೊರಟವರು ತಿರುಗಿ ನಿಂತು ಸೇರಿಸಿದರು: "ನಾಳಿಗಿ ನಮ್ಮ ಮನಿ ಜ್ವಾಳನೂ ಕಳಸ್ತೀನಿ."

ಅತ್ತೆ ಇನ್ನೊಂದು ತಿಂಗಳು ಉಳಿದರು. ನನ್ನ ವಹಿಯಲ್ಲಿ ಮೂಷಿಕರಾಜನ ಹೊರತು ಏನೂ ಇರಲಿಲ್ಲ. ಆದರೆ ಮಕ್ಕಳ ಬಾಯಲ್ಲಿ ಎಲ್ಲವೂ ಇದ್ದವು. ನಾನು ಪಾಟಿಯ ಮೇಲೆ 'ಇಲಿ' ಎಂದು ಬರೆದು ಹಾಡು ಹೇಳಿಸಿದರೆ, ಪುಟ್ಟ ಬೆರಳುಗಳು ತಾವೇ ಅಕ್ಷರದ ಮೇಲೆ ಬಂದು ನಿಲ್ಲುತ್ತಿದ್ದವು. ಒಂದು ದಿನ ಶಾಂತಿಯ ಊಟ ಕೊಡಲು ಬಂದ ನೀಲವ್ವ ಬಾಗಿಲಲ್ಲೇ ನಿಂತು ಪಾಟಿಯನ್ನು ನೋಡಿದಳು.

"ಅದು 'ಗೆಜ್ಜಿ' ಅಲ್ಲೇನ್ರಿ?" ಎಂದಳು ಮೆಲ್ಲಗೆ.

ಗೆಜ್ಜಿಯೇ ಆಗಿತ್ತು. ಅವಳ ಕೈಗೂ ಒಂದು ಬಳಪ ಕೊಟ್ಟೆ. ಅಂದಿನಿಂದ ವರ್ಗಕ್ಕೆ ಹನ್ನೆರಡನೆಯ ವಿದ್ಯಾರ್ಥಿನಿ ಸಿಕ್ಕಳು. ಎಲ್ಲರಿಗಿಂತ ಬೇಗ ಕಲಿತವಳೂ ಅವಳೇ.

ಅತ್ತೆ ಊರಿಗೆ ಹೋಗಿ ನಾಲ್ಕು ತಿಂಗಳಾದ ಮೇಲೆ ನೀಲವ್ವ ಯಾರ ಸಹಾಯವೂ ಇಲ್ಲದೆ ತನ್ನ ಜೀವನದ ಮೊದಲ ಪತ್ರ ಬರೆದಳು. ನಾನು ಹೆಮ್ಮೆಯಿಂದ ಉಬ್ಬಿ, ನಾನೇ ಟಪಾಲಿಗೆ ಹಾಕಿ ಬರುತ್ತೇನೆ ಎಂದು ಇಸಿದುಕೊಂಡೆ. ದಾರಿಯಲ್ಲಿ ತಪ್ಪು ಹುಡುಕೋಣವೆಂದು ಬಿಚ್ಚಿ ನೋಡಿದೆ. ಒಂದು ಕಾಗುಣಿತವೂ ತಪ್ಪಿರಲಿಲ್ಲ.

'ಅವ್ವಾ, ನಾವು ಅರಾಮ ಅದೀವಿ. ಶಾಂತಿ ಓದತಾಳ. ಅವರು ದಿನಾ ಮಕ್ಕಳ ಮುಂದ ಬೀಸತಾರ. ಇನ್ನೂ ಛಲೋ ಬರೂದಿಲ್ಲ. ಹಿಟ್ಟು ತರಿ ಆಗತೈತಿ, ರೊಟ್ಟಿ ಹರೀತಾವ.'

ಅತ್ತೆಗೆ ಓದಲು ಬರುವುದಿಲ್ಲ. ಅಂದರೆ ಇದನ್ನು ನವಲಿಯ ಕಟ್ಟೆಯ ಮೇಲೆ ಯಾರಾದರೂ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ ಹೇಳಲೇಬೇಕು!

ಟಪಾಲು ಡಬ್ಬಿಯ ಮುಂದೆ ಬಹಳ ಹೊತ್ತು ನಿಂತೆ. ಅಕ್ಷರ ಕಲಿಸಿದವನು ನಾನೇ. ಪತ್ರವನ್ನು ಡಬ್ಬಿಗೆ ಹಾಕಿದವನೂ ನಾನೇ.