ನಮ್ಮ ಎ.ಸಿ. ಪೈಪಿನೊಳಗೆ ಬಿಡಾರ ಹೂಡಿರುವ ಗಾಳಿ ಮತ್ತು ತೇವಾಂಶದವರಿಗೆ

ಮಾನ್ಯ ಗಾಳಿಯವರೇ, ಗೌರವಾನ್ವಿತ ತೇವಾಂಶದವರೇ,

ಹಿರಿಯೂರಿನ ನಿವೃತ್ತ ಗುಮಾಸ್ತನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಾವಿಬ್ಬರೂ ನಮ್ಮ ಮಹಡಿ ಕೋಣೆಯ ಹೊಸ ಎ.ಸಿ.ಯ ತಾಮ್ರದ ಪೈಪಿನೊಳಗೆ ಕ್ಷೇಮವಾಗಿರುವಿರೆಂದು ಮೆಕ್ಯಾನಿಕ್ ಪ್ರದೀಪ್ ಫೋನಿನಲ್ಲಿ ತಿಳಿಸಿದ್ದು, ಹೊರಗಿರುವ ನಾವು ಅಷ್ಟು ಕ್ಷೇಮವಾಗಿಲ್ಲವೆಂದು ಅರಿಕೆ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಸರಳತೆಯನ್ನು ಮೆಚ್ಚಲೇಬೇಕು. ಗಾಳಿಯವರೇ, ಚಿತ್ರದುರ್ಗದ ಗುಡ್ಡಗಳ ಮೇಲೆ ತಮಗಾಗಿಯೇ ರೆಕ್ಕೆ ಬಿಚ್ಚಿಕೊಂಡು ಸಾಲು ಸಾಲು ಯಂತ್ರಗಳು ನಿಂತಿದ್ದರೂ, ಆ ಕೈತುಂಬ ಕೆಲಸ ಬಿಟ್ಟು ತಾವು ಹತ್ತಡಿ ಪೈಪಿನಲ್ಲಿ ಕಾಲು ಮುದುರಿ ಕುಳಿತಿರಿ. ತೇವಾಂಶದವರೇ, ಶೇಂಗಾ ಹೊಲದವರು ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡರೂ ದರ್ಶನ ಕೊಡದ ತಾವು ಕರೆಯದೆಯೇ ನಮ್ಮ ಮನೆಗೆ ದಯಮಾಡಿಸಿ, ಒಳಗಿನ ಸಣ್ಣ ಕೊಳವೆಯಲ್ಲಿ ಮಂಜುಗಡ್ಡೆಯಾಗಿ ದಾರಿಗೆ ಅಡ್ಡ ಕೂರುತ್ತೀರಿ. ಹತ್ತು ನಿಮಿಷ ತಣ್ಣಗೆ ಬೀಸಿದ ಯಂತ್ರ ಆಮೇಲೆ ಬಿಸಿ ಉಸಿರು ಬಿಡುತ್ತದೆ, ಹೊರಗಿನ ಪೆಟ್ಟಿಗೆ ಈಯಲಾರದ ಎಮ್ಮೆಯಂತೆ ನರಳುತ್ತದೆ.

ಆ ಕೋಣೆಯಲ್ಲಿ ಬಾಣಂತನಕ್ಕೆ ಬಂದ ನನ್ನ ಮಗಳು ಮೇಘಶ್ರೀ, ನಲವತ್ತು ದಿನದ ನನ್ನ ಮೊಮ್ಮಗಳು ಇದ್ದಾರೆ. ಏಪ್ರಿಲ್ ಬಿಸಿಲಿಗೆ ಕಾದ ಆರ್.ಸಿ.ಸಿ. ಸೂರಿನ ಕೆಳಗೆ ಮಗುವಿನ ಕತ್ತು, ಕಂಕುಳು, ಬೆನ್ನೆಲ್ಲ ಬೆವರುಸಾಲೆ ಎದ್ದು ಕೆಂಪಾಗಿದೆ. ಅದಕ್ಕೆಂದೇ ಎ.ಸಿ. ತಂದೆ. ಬಾಣಂತಿಗೆ ಕಿವಿ ಕಟ್ಟಿ ಸಾಂಬ್ರಾಣಿ ಹೊಗೆ ಹಾಕುವ ನಮ್ಮ ತಾಯಿ ದುರುಗಕ್ಕ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಈಗ ಮಾತ್ರ ಯಂತ್ರದ ಮುಂದೆ ಕೈ ಹಿಡಿದು ನೋಡಿ, “ಬೆಚ್ಚಗೈತೆ ಕಣಲೇ, ಬಾಣಂತಿ ಕ್ವಾಣೆ ಹಿಂಗೇ ಇರ್ಬೇಕು” ಎಂದು ಸಂತೋಷಪಡುತ್ತಾರೆ. ನಮ್ಮ ಮನೆಯಲ್ಲಿ ಅವರನ್ನು ಮೆಚ್ಚಿಸಿದ ಮೊದಲ ಯಂತ್ರ ಇದೇ, ಆ ಕೀರ್ತಿ ತಮಗೇ ಸಲ್ಲಬೇಕು.

ತಾವು ಒಳಗೆ ಉಳಿದುಕೊಂಡ ಬಗೆಯನ್ನೂ ಮುಚ್ಚಿಡದೆ ಹೇಳುತ್ತೇನೆ. ಅಂದು ಶುಕ್ರವಾರ. ಗೋಡೆ ಕೊರೆದು ಪೈಪು ಜೋಡಿಸುವ ಹೊತ್ತಿಗೆ ಗಂಟೆ ಹತ್ತೂಕಾಲಾಗಿತ್ತು. ಯಂತ್ರ ತರುವುದಾದರೆ ರಾಹುಕಾಲಕ್ಕೆ ಮುಂಚೆ ಚಾಲೂ ಆಗಬೇಕೆಂಬ ಷರತ್ತಿನ ಮೇಲಷ್ಟೇ ನಮ್ಮ ತಾಯಿ ಒಪ್ಪಿದ್ದರು, ರಾಹುಕಾಲ ಹತ್ತೂವರೆಗೆ. ಪ್ರದೀಪ್ ವ್ಯಾಕ್ಯೂಮ್ ಪಂಪನ್ನು ಮಹಡಿಗೆ ಹೊತ್ತು ತಂದು, “ಸಾರ್, ಪೈಪ್ನಾಗಿರೋ ಗಾಳಿ, ತೇವ ಎಳ್ದು ತೆಗಿಬೇಕ್ರಿ, ಅರ್ಧ ಗಂಟೆ ಬಿಡ್ರಿ” ಎಂದು ಕೇಳಿಕೊಂಡ. ಅತ್ತ ತಾಯಿ ತೆಂಗಿನಕಾಯಿ ಹಿಡಿದು ಗಡಿಯಾರ ನೋಡುತ್ತ ನಿಂತಿದ್ದರು. ಅದೆಲ್ಲ ಬೇಡಪ್ಪ, ಬೇಗ ಮುಗಿಸು ಎಂದವನು ನಾನೇ. ಹತ್ತು ಇಪ್ಪತ್ತೆಂಟಕ್ಕೆ ಕಾಯಿ ಒಡೆದೆವು. ರಾಹು ಹೊರಗುಳಿದ, ತಾವು ಒಳಗುಳಿದಿರಿ.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಪಂಪಿನ ಬಲವಂತಕ್ಕೆ ಕಾಯದೆ, ಮಾನಸ್ಥರಾದ ತಾವು ತಾವಾಗಿಯೇ ಪೈಪಿನ ನಟ್ಟು ಸಡಿಲಿಸಿಕೊಂಡು, ತಂಪು ಕೊಡುವ ಗ್ಯಾಸನ್ನು ಮಾತ್ರ ಒಳಗೇ ಬಿಟ್ಟು, ಹೊರಟ ಮೇಲೆ ನಟ್ಟನ್ನು ಮೊದಲಿನಂತೆ ಬಿಗಿದು, ಶನಿವಾರ ಸಂಜೆಯೊಳಗೆ ಬಿಡಾರ ತೆರವು ಮಾಡಿಕೊಡಬೇಕು. ಗಡುವು ನನ್ನದಲ್ಲ. ನಿನ್ನೆ ಮೇಘಶ್ರೀ ಬಟ್ಟೆ ಮಡಚುತ್ತ, “ಅಪ್ಪಾಜಿ, ಮಗೀಗೆ ತಡ್ಕಳಾಕೆ ಆಗ್ತಿಲ್ಲ, ಭಾನುವಾರ ಹೊಸದುರ್ಗಕ್ಕೆ ಹೋಗ್ತೀನಿ, ಅಲ್ಲಾದ್ರೂ ಒಂದೀಟು ಗಾಳಿ ಬರ್ತೈತೆ” ಎಂದಳು. ಮೂರು ತಿಂಗಳ ಬಾಣಂತನಕ್ಕೆ ಕರೆತಂದ ಮಗಳು ಅರ್ಧಕ್ಕೇ ಗಂಡನ ಮನೆಗೆ ಹೊರಟಿದ್ದಾಳೆ. ಮೊನ್ನೆಯಷ್ಟೇ ಆ ಕೂಸು ನನ್ನ ಮುಖ ನೋಡಿ ನಗಲು ಕಲಿತಿದೆ. ನನಗೆ ನಿಜವಾಗಿ ಸಂಕಟವಾಗುತ್ತಿದೆ.

ತಮ್ಮನ್ನು ಕೈಯಾರೆ ಒಳಗಿಟ್ಟುಕೊಂಡ,
ತಮ್ಮ ವಿಶ್ವಾಸಿ,
ಲಕ್ಷ್ಮೀಕಾಂತ್, ಹಿರಿಯೂರು

ವಿ.ಸೂ.: ಕಂಪನಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರೆದೆ. ಕಂಪನಿ ದೂರು ದಾಖಲಿಸಿಕೊಂಡರೆ ಪಂಪು ತರುತ್ತೇನೆಂದು ಪ್ರದೀಪನೂ ಹೇಳಿದ್ದಾನೆ. ಕಂಪನಿಯವರು ಉತ್ತರವಾಗಿ, ಯಂತ್ರ ಜೋಡಿಸಿದ್ದಕ್ಕೆ ಬರೆಸಿಕೊಂಡ ಕಾಗದದ ಒಂದು ಫೋಟೋ ಕಳಿಸಿದ್ದಾರೆ: ‘ವ್ಯಾಕ್ಯೂಮ್ ಮಾಡಲಾಗಿದೆ’ ಎಂಬ ಸಾಲು, ಕೆಳಗೆ ಆ ದಿನ ಕಾಯಿ ಒಡೆಯುವ ಅವಸರದಲ್ಲಿ ಓದದೆ ಹಾಕಿದ ನನ್ನ ಸಹಿ. ಹೀಗಾಗಿ ಕಾಗದದ ಪ್ರಕಾರ ತಾವು ಒಳಗೆ ಇಲ್ಲವೇ ಇಲ್ಲ. ಮನೆಯಲ್ಲಿ ಎಲ್ಲರೂ ಆ ಕಾಗದ ಓದಿ ಸುಮ್ಮನಾಗಿದ್ದೇವೆ. ಮಗು ಮಾತ್ರ ಅಳುತ್ತಿದೆ, ಅದಕ್ಕಿನ್ನೂ ಓದು ಬರುವುದಿಲ್ಲ.