ಕಾಕಾ ಹೊಲಿದ ಬಿಷಪ್ಪರು

ಬಿಷಪ್ಪರ ಮೈಗೆ ನಮ್ಮ ಕಾಕಾ ಕೈ ಹಾಕಿದಷ್ಟು ಸಲ ಕೈ ಹಾಕಿದ ಲಿಂಗಾಯತ ಇಡೀ ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ! ಗಾಬರಿಯಾಗಬೇಡಿ, ಜಗಳದ ಮಾತಲ್ಲ. ನನ್ನಪ್ಪನ ತಮ್ಮನಾದ ಈ ಕಾಕಾ ಟೇಲರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಅಳತೆಯ ಟೇಪು. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಅವನು ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಮದುವೆಯ ಊಟಕ್ಕೂ ಟೇಪು ಹಾಕಿಕೊಂಡೇ ಬರುತ್ತಾನೆ. “ಇದನ್ಯಾಕ್ರಿ ತಂದೀರಿ?” ಎಂದು ಬೀಗರು ಕೇಳಿದರೆ, “ಯಾರಾರ ಅಳತಿಗೆ ಸಿಕ್ರ ಇರ್ಲಿ ಅಂತ” ಎನ್ನುತ್ತಾನೆ.

ಗೋಕಾಕದ ಕೋರ್ಟಿನ ಹತ್ತಿರ ಅವನದೊಂದು ಅಂಗಡಿ. ಎರಡು ಮಷೀನು, ಒಂದು ಇಸ್ತ್ರಿ ಟೇಬಲ್, ಹಿಂದೆ ಒಂದು ಪರದೆ. ವಕೀಲರ ಕರಿಕೋಟು ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಬಹಳ ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಜೀಪೊಂದು ಬಂದು ನಿಂತಿತಂತೆ. ಅದರಿಂದ ಬಿಳಿ ನಿಲುವಂಗಿ ತೊಟ್ಟ, ನೆತ್ತಿಯ ಮೇಲೆ ಅಂಗೈಯಗಲದ ಗುಲಾಬಿ ಬಣ್ಣದ ಟೊಪ್ಪಿಗೆ ಇಟ್ಟ ಗಂಭೀರ ವ್ಯಕ್ತಿಯೊಬ್ಬರು ಇಳಿದರು. ಗಂಭೀರವಾಗಿದ್ದದ್ದು ಮುಖ ಮಾತ್ರ. ಎರಡೂ ಕೈಗಳು ಬೆನ್ನ ಹಿಂದೆ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಜೀಪಿನ ಬಾಗಿಲ ಕೊಕ್ಕೆಗೆ ಸಿಕ್ಕಿ ನಿಲುವಂಗಿ ಸೊಂಟದಿಂದ ಹಿಮ್ಮಡಿಯವರೆಗೆ ಹರಿದುಹೋಗಿತ್ತು. ಮಸಗುಪ್ಪಿಯಲ್ಲಿ ಪುಟ್ಟ ಪ್ರಾರ್ಥನಾ ಮಂದಿರದ ಉದ್ಘಾಟನೆ, ಜನ ಹಾರ ಹಿಡಿದು ಕಾಯುತ್ತಿದ್ದಾರೆ!

ಬಿಷಪ್ಪರು ಕೊಂಕಣ ಸೀಮೆಯವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. “ಮಾನ್ಯರೇ, ನನ್ನ ವಸ್ತ್ರವು ಭಿನ್ನವಾಗಿದೆ” ಎಂದರು.

“ಹರದೈತಿ ಅನ್ರಿ, ಸಾಕು. ಒಳಗ ಹೋಗಿ ಬಿಚ್ಚಿ ಕೊಡ್ರಿ” ಎಂದ ಕಾಕಾ.

ಸಾಲಿ ಹುಡುಗರ ಸಮವಸ್ತ್ರಕ್ಕೆಂದು ತಂದಿದ್ದ ನೀಲಿ ಬಟ್ಟೆಯ ಥಾನನ್ನು ಸುತ್ತಿಕೊಂಡು ಬಿಷಪ್ಪರು ಪರದೆಯ ಹಿಂದೆ ಸ್ಟೂಲಿನ ಮೇಲೆ ಕುಳಿತರು. ಅಷ್ಟರಲ್ಲಿ ಕೋಟಿನ ಟ್ರಯಲ್ ನೋಡಲು ವಕೀಲರೊಬ್ಬರು ಬಂದು ಪರದೆಗೆ ಕೈ ಹಾಕಿದರು. ಕಾಕಾ ಮಷೀನು ತುಳಿಯುತ್ತಲೇ, “ತಡೀರಿ ವಕೀಲ ಸಾಹೇಬ್ರ, ಒಳಗ ಬಿಷಪ್ಪರದಾರ” ಎಂದ. ಆ ವಕೀಲರು ವಾರವಿಡೀ ಕೋರ್ಟಿನಲ್ಲಿ, ಟೇಲರಿಗೆ ತಲೆ ಕೆಟ್ಟಿದೆ ಎಂದು ಹೇಳಿಕೊಂಡು ತಿರುಗಿದರು!

ಹೊಲಿಗೆ ಎಲ್ಲಿದೆಯೆಂದು ಹುಡುಕಿದರೂ ಬಿಷಪ್ಪರಿಗೆ ಸಿಗಲಿಲ್ಲ. ಅಲ್ಲಿಂದ ಶುರುವಾಯಿತು ಸಂಬಂಧ. ಮುಂದಿನ ತಿಂಗಳೇ ಹೊಸ ನಿಲುವಂಗಿಯ ಬಟ್ಟೆ ಬಂತು. ಮುಂದೆ ಮೇಲಿನಿಂದ ಕೆಳಗಿನವರೆಗೆ ಮೂವತ್ಮೂರು ಗುಂಡಿ ಬೇಕು, ಅದು ಕ್ರಿಸ್ತನ ಆಯುಷ್ಯದ ಲೆಕ್ಕ ಎಂದರು ಬಿಷಪ್ಪರು. ಕಾಕಾ ಭಕ್ತಿಯಿಂದ ತಲೆಯಾಡಿಸಿದ. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದ: “ಅದೆಲ್ಲಾ ಖರೆರಿ. ಆದ್ರ ಹೊಟ್ಟಿ ಕೆಟ್ಟಾಗ ಮೂವತ್ಮೂರು ಗುಂಡಿ ಬಿಚ್ಚೂತನಕಾ ಮನಶ್ಯಾ ತಡೀತಾನೇನ್ರಿ?”

ಬಿಷಪ್ಪರು ಗುಂಡಿಗಳ ಡಬ್ಬಿಯನ್ನು ಮೆಲ್ಲಗೆ ಕಾಕಾನ ಕಡೆಗೇ ಸರಿಸಿದರಂತೆ. ಅನುಭವವಿದ್ದಿರಬೇಕು! ಕೊನೆಗೆ ಕಾಕಾ ಗುಂಡಿಗಳನ್ನು ಶೋಭೆಗೆ ಹಚ್ಚಿ, ಅವುಗಳ ಕೆಳಗೆ ಯಾರಿಗೂ ಕಾಣದಂತೆ ಒತ್ತುಗುಂಡಿಗಳ ಸಾಲನ್ನು ಕೂರಿಸಿದ. ಒಂದು ಎಳೆತಕ್ಕೆ ಇಡೀ ನಿಲುವಂಗಿ ಬಾಗಿಲಿನಂತೆ ತೆರೆದುಕೊಳ್ಳುತ್ತಿತ್ತು. ಆಮೇಲೆ ಬಂದ ಬಿಷಪ್ಪರೂ ಇದನ್ನೇ ಮುಂದುವರಿಸಿದರು. ರೋಮಿಗೆ ಈ ಸುಧಾರಣೆಯ ಸುದ್ದಿ ಮುಟ್ಟಿದೆಯೋ ಇಲ್ಲವೋ ನನಗೆ ತಿಳಿಯದು.

ಓಣಿಯ ಜನ ಸುಮ್ಮನಿರುತ್ತಾರೆಯೇ? “ಏನಪಾ, ಅವರ ಜಾತಿಗಿ ಹೋದಿಯೇನು?” ಎಂದು ಒಬ್ಬರು ಅಂಗಡಿಗೇ ಬಂದು ಕೇಳಿದರು. ಕಾಕಾ ಕತ್ತರಿ ಕೆಳಗಿಡಲಿಲ್ಲ. “ಪೊಲೀಸರ ಖಾಕಿನೂ ಹೊಲೀತೇನಿ. ಅಂದ್ರ ನಾ ಫೌಜದಾರ ಆದ್ನೇನು? ನಿಮ್ಮ ಮನ್ಯಾಕಿದು ಜಂಪರ ಹೊಲೀತೇನಿ, ಹಂಗಾದ್ರ...” ಅವರು ಪೂರ್ತಿ ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಎರಡನೆಯ ಬಿಷಪ್ಪರ ಕಾಲದಲ್ಲಿ ನಡೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ದಡ್ಡಿ ಎಂಬ ಊರಿನ ಚರ್ಚಿನಲ್ಲಿ ಅವರ ಬಲಿಪೂಜೆ, ಅಂದರೆ ಮಾಸ್, ಇತ್ತು. ಆ ದಿನಕ್ಕೆಂದೇ ಹೊಲಿದ ನಿಲುವಂಗಿ ನಡೆದಾಡುವಾಗ ಹೇಗೆ ಬೀಳುತ್ತದೆ ನೋಡಬೇಕೆಂದು ಕಾಕಾ ನನ್ನನ್ನೂ ಕರೆದುಕೊಂಡು ಹೋಗಿದ್ದ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರೆ ಇವನೊಬ್ಬನೇ ಕಣ್ಣು ಬಿಟ್ಟುಕೊಂಡು ಬಿಷಪ್ಪರ ಪಾದದ ಕಡೆಗೆ ನೋಡುತ್ತಿದ್ದ. ಅಂಚಿನಲ್ಲಿ ಒಂದು ದಾರ ಜೋತುಬಿದ್ದಿತ್ತು! ಕಾಕಾ ಚಡಪಡಿಸಿದ. ನಾನು ಅಂಗಿ ಹಿಡಿದೆಳೆದರೂ ಕೇಳಲಿಲ್ಲ. ಪೂಜೆ ಮುಗಿದು ಬಿಷಪ್ಪರು ಜನರ ನಡುವೆ ಬರುತ್ತಿದ್ದಂತೆ ಎದ್ದುಹೋಗಿ, ಧಡಕ್ಕನೆ ಮೊಣಕಾಲೂರಿ, ತಲೆ ಬಗ್ಗಿಸಿ, ಆ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ.

ಹಿಂದೆ ಕೂತವರಿಗೆ ಕಂಡದ್ದೇನು? ವಿಭೂತಿ ಹಚ್ಚಿದ ಹಿರಿಯನೊಬ್ಬ ಬಿಷಪ್ಪರ ಅಂಗಿಯ ಅಂಚಿಗೆ ಮುತ್ತಿಟ್ಟ! ಮುದುಕಿಯೊಬ್ಬಳು ಕಣ್ಣೀರು ಸುರಿಸುತ್ತ ಎದ್ದಳು. ಅವಳ ಹಿಂದೆ ಮತ್ತೊಬ್ಬಳು. ನೋಡನೋಡುತ್ತಿದ್ದಂತೆ ಇಡೀ ಸಭೆ ಸಾಲುಗಟ್ಟಿ ನಿಂತು ಒಬ್ಬೊಬ್ಬರಾಗಿ ಅಂಚಿಗೆ ಮುತ್ತಿಡತೊಡಗಿತು. ಬಿಷಪ್ಪರಿಗೆ ಅಲ್ಲಾಡಲು ಬರದಾಯಿತು. ಕಾಕಾ ಮಾತ್ರ ಬಾಗಿಲ ಬಳಿ ನಿಂತು ನನ್ನ ಕಿವಿಯಲ್ಲಿ ಗೊಣಗುತ್ತಿದ್ದ: “ಇಷ್ಟು ಮಂದಿ ಕೈ ಹಚ್ಚಿದ್ರ ಇಸ್ತ್ರಿ ಉಳಿತೈತೇನು?”

ಇತ್ತೀಚೆಗೆ ಬಿಷಪ್ಪರ ಆಡಳಿತದ ಸೀಮೆಯಾದ ಧರ್ಮಪ್ರಾಂತ್ಯದ ಹಬ್ಬಕ್ಕೊಂದು ಸ್ಮರಣ ಸಂಚಿಕೆ ಬರುವುದಿತ್ತು. ಬಿಷಪ್ಪರ ಇತಿಹಾಸ ಬರೆಯುವ ಕೆಲಸ ಒಬ್ಬ ಎಳೆಯ ಫಾದರಿಗೆ ಬಿತ್ತು. ಹಳಬರನ್ನೆಲ್ಲ ಕೇಳುತ್ತ ಅವರು ಕಾಕಾನ ಅಂಗಡಿಗೂ ಬಂದರು. ಕಾಕಾ ಅಳತೆಯ ವಹಿಗಳ ಕಟ್ಟನ್ನೇ ಬಿಚ್ಚಿ ಕೂತ.

“ಬರ್ಕೋರಿ ಫಾದರ್. ಮೊದಲನೇ ಬಿಷಪ್ಪರು. ಎಡಗಡೆ ಹೆಗಲ ಅರ್ಧ ಇಂಚು ಇಳಕ.”

“ಇದು ಇತಿಹಾಸಕ್ಕೆ ಯಾಕ್ರಿ?”

“ಜೀಪು ಹೋಗದ ಊರಿಗೆ ಚೀಲಾ ಹೆಗಲಿಗೆ ಹಾಕ್ಕೊಂಡ ನಡದ ಹೋಗ್ತಿದ್ರು. ಅದು ನಿಮ್ಮ ಕಾಗದದಾಗ ಐತೇನು?”

ಫಾದರ್ ತಲೆ ತಗ್ಗಿಸಿ ಬರೆದುಕೊಂಡರು. ಕಾಕಾ ಹಾಳೆ ತಿರುವಿದ. “ಇನ್ನ ಎರಡನೇದವರು. ಬಂದಾಗ ನಡಾ ಮೂವತ್ತಾರು, ಹೋಗುವಾಗ ನಲವತ್ನಾಕು. ಗೋಕಾಕ ಕರದಂಟು! ಅವರ ಕಾಲಕ್ಕ ಧರ್ಮಪ್ರಾಂತ್ಯ ಭಾಳ ಬೆಳೀತು ಅಂತ ನೀವು ಬರದೀರಿ. ನಾನೂ ಅದನ್ನ ಹೇಳಾಕತ್ತೇನಿ.”

“ಇವರಿಗಿಂತ ಮೊದಲು ಇದ್ದವರ ಬಗ್ಗೆ ಏನಾದರೂ...”

“ಇದ್ದಿರಬಹುದ್ರಿ. ನಾ ಹೊಲದಿಲ್ಲ.”

ಈಗಿನ ಬಿಷಪ್ಪರ ಕಚೇರಿಯಿಂದ ಅಳತೆ ಮೊಬೈಲಿಗೆ ಬಂತು. ಕಾಕಾ ಅದನ್ನು ತೆರೆದೂ ನೋಡಲಿಲ್ಲ. “ಮೈ ಕಳಸ್ರಿ ಅಂತ ಹೇಳು” ಎಂದು ನನ್ನಿಂದ ಉತ್ತರ ಬರೆಸಿದ. ಬಿಷಪ್ಪರು ನಗುತ್ತ ಖುದ್ದಾಗಿ ಬಂದರು.

ಅದೇ ಹಬ್ಬದ ಮುಂದೆ ಹುಕ್ಕೇರಿ ಕಡೆಯಿಂದ ಒಬ್ಬ ಸಿಸ್ಟರ್ ಫೋನು ಮಾಡಿದರು. ಮೊದಲನೆಯ ಬಿಷಪ್ಪರು ನಿವೃತ್ತರಾಗಿ ಈ ಸಿಸ್ಟರ್ ನಡೆಸುವ ಆಶ್ರಮದಲ್ಲಿದ್ದರು. ಹಬ್ಬದ ಪೂಜೆಗೆ ಹೋಗುವ ಆಸೆ, ಆದರೆ ಹಳೆಯ ನಿಲುವಂಗಿಗಳು ಮೈಮೇಲೆ ನಿಲ್ಲುತ್ತಿಲ್ಲ. ನಾನು ಹುಕ್ಕೇರಿಯಲ್ಲೇ ಟೀಚರ್. ಸಾಲಿಯಿಂದ ನೇರವಾಗಿ ನನ್ನನ್ನು ಕರೆದುಕೊಂಡು ಕಾಕಾ ಅಲ್ಲಿಗೆ ಹೋದ. ಅವನು ಅಳತೆ ಕೂಗಬೇಕು, ನಾನು ಬರೆದುಕೊಳ್ಳಬೇಕು.

ಕಾಯಿಲೆ ಬಿಷಪ್ಪರನ್ನು ಅರ್ಧಕ್ಕರ್ಧ ತಿಂದುಬಿಟ್ಟಿತ್ತು. ಗೋಡೆ ಹಿಡಿದು ಎದ್ದು ನಿಂತರು. “ಬರ್ರಿ ಮಾಸ್ತರ, ಹೊಸಾದೊಂದು ಹೊಲೀರಿ. ಭಾಳ ಇಳದೇನಿ ಅಂತ ಎಲ್ಲಾರೂ ಅನ್ನಾಕತ್ತಾರ” ಎಂದರು. ಪುಸ್ತಕದ ಕನ್ನಡ ಎಲ್ಲಿ ಹೋಯಿತೋ!

ಕಾಕಾ ಟೇಪು ಸುತ್ತಿದ. ನಾನು ಪಕ್ಕದಲ್ಲೇ ಇದ್ದೆ, ನನಗೆ ಕಂಡಿತು: ಇಪ್ಪತ್ತೊಂಬತ್ತು. ಕಾಕಾ ದೊಡ್ಡ ದನಿಯಲ್ಲಿ ಕೂಗಿದ: “ನಡಾ ಮೂವತ್ತೆಂಟು!”

ನನ್ನ ಪೆನ್ನು ನಿಂತಿತು. “ಬರ್ಕೋವಾ, ಮೂವತ್ತೆಂಟು” ಎಂದು ಕಣ್ಣು ಬಿಟ್ಟ. ಎದೆಯದೂ ಹಾಗೆಯೇ, ತೋಳಿನದೂ ಹಾಗೆಯೇ, ಎಲ್ಲವೂ ಹಳೆಯ ಅಂಕಿಗಳೇ.

“ಅಂದ್ರ ಇಳದಿಲ್ಲನ್ರಿ?”

“ಕೂದಲೆಳಿಯಷ್ಟೂ ಇಳದಿಲ್ರಿ. ಮಂದಿಗೇನು, ಏನಾರ ಅಂತಾರ.”

ಹೊರಗೆ ಬಂದವನೇ ಗೋಡೆಗೆ ಮುಖ ಮಾಡಿ ನಿಂತು, ನನ್ನ ಪೆನ್ನು ಕಸಿದುಕೊಂಡು, ಖರೆ ಅಳತೆಗಳನ್ನು ಅಂಗೈ ಮೇಲೆ ಬರೆದುಕೊಂಡ. ದಾರಿಯುದ್ದಕ್ಕೂ ಮುಷ್ಟಿ ಕಟ್ಟಲಿಲ್ಲ, ಬೆವರಿಗೆ ಅಳಿಸೀತೆಂದು.

ನಾಲ್ಕು ದಿನ ಬಿಟ್ಟು ಹೊಸ ನಿಲುವಂಗಿ ತೊಡಿಸಿದಾಗ ಅದು ಅವರಿಗೆ ಎರಕ ಹೊಯ್ದಂತೆ ಕೂತಿತು. ಬಿಷಪ್ಪರು ತೋಳು ಸವರಿಕೊಂಡು ನೋಡಿದರು. “ಹಳೇ ಅಳತಿಗೇ ಹೊಲದೀರಿ?”

“ಹೌದ್ರಿ. ಹಳೇ ಅಳತಿನ.”

ಬಿಷಪ್ಪರು ಮಂಚದ ಮೇಲೆ ಕೂತು, ಕಾಕಾನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬಹಳ ಮೆಲ್ಲಗೆ ಅಂದರು: “ಮಾಸ್ತರ, ಇಷ್ಟು ವರ್ಷದಾಗ ನನಗೂ ಟೇಪು ಓದಾಕ ಬರ್ತೈತ್ರಿ.”

ಕಾಕಾ ಇನ್ನೊಂದು ಕೈಯಿಂದ ಹೆಗಲ ಮೇಲಿನ ಟೇಪು ತೆಗೆದು ಮಂಚದ ಮೇಲಿಟ್ಟ. ಇಬ್ಬರೂ ಹಾಗೆಯೇ ಕೂತರು, ಕೈ ಬಿಡಲಿಲ್ಲ. ಸಿಸ್ಟರ್ ಇಟ್ಟುಹೋದ ಚಹಾ ಆರಿತು. ಇನ್ನೊಮ್ಮೆ ಬಿಸಿ ಮಾಡಿಸಿಕೊಂಡು ಬರುತ್ತೇನೆಂದು ನಾನು ಕಪ್ಪುಗಳನ್ನೆತ್ತಿಕೊಂಡು ಹೊರಗೆ ಬಂದೆ.